ಚಗಳಿ ಯಾರ ಕಡೆ?

ಬೇಲಿಯಾಚೆ ಗೌಡರು, ಈಚೆ ನಾನು. ಊರಿನ ಹುಡುಗರೆಲ್ಲ ಬೆಂಗಳೂರು ಸೇರಿದ ಮೇಲೆ ಆಡಿಕೊಳ್ಳುವುದಕ್ಕೂ ಜನ ಸಾಲುವುದಿಲ್ಲ. ಇರುವ ನಾಲ್ಕು ಮನೆಯ ಸಮಾಚಾರ ಬೆಳಗಿನ ಕಾಫಿಯೊಳಗೇ ಮುಗಿದುಹೋಗುತ್ತದೆ. ಹಾಗಾಗಿ ಈಚೆಗೆ ನಮ್ಮ ಬಾಯಿಗೆ ಸಿಕ್ಕಿರುವುದು ಇರುವೆ, ಹಕ್ಕಿ, ಮುಸುವ. ಅವುಗಳ ಸಂಸಾರದಲ್ಲೂ ಗುಟ್ಟಿಗೇನೂ ಬರವಿಲ್ಲ.

ಗೌಡರ ಖಾಯಂ ತಕರಾರು ಚಗಳಿ ಇರುವೆಯದು. ನಮ್ಮ ಹಲಸಿನ ಟೊಂಗೆ ಬೇಲಿ ದಾಟಿದೆ, ಅದರ ಬೆನ್ನಿಗೆ ಚಗಳಿಯೂ ದಾಟಿದೆ. “ಆ ಕೊಟ್ಟೆ ತೆಗೆಸಿ ಮಾರಾಯ್ರೆ, ಮೆಣಸು ಕೊಯ್ಯೋಕೆ ಒಬ್ಬನೂ ಮರ ಹತ್ತೋದಿಲ್ಲ” ಅನ್ನುತ್ತಾರೆ. ಆದರೆ ಆ ಕೊಟ್ಟೆ, ಅಂದರೆ ಎಲೆಗೂಡು, ಕಟ್ಟುವುದನ್ನು ಒಂದು ಗಳಿಗೆ ನಿಂತು ನೋಡಿದರೆ ಬಯ್ಯಲು ಮನಸ್ಸು ಬಾರದು. ಎರಡು ಎಲೆಗಳ ನಡುವೆ ದೂರ ಹೆಚ್ಚಿದ್ದರೆ ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು, ಸಾಲುಗಟ್ಟಿ ಎಲೆಯನ್ನು ಎಳೆಯುತ್ತವೆ. ಅಂಚಿಗೆ ಅಂಚು ಕೂಡಿತೋ, ಕೆಲವು ಇರುವೆಗಳು ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ಒಮ್ಮೆ ಈ ಎಲೆಗೆ ಒಮ್ಮೆ ಆ ಎಲೆಗೆ ತಾಗಿಸುತ್ತವೆ. ನೂಲು ಮರಿಯದು, ಹೊಲಿಗೆ ದೊಡ್ಡವರದು. ತನ್ನ ಮೈಗೆ ಸುತ್ತಿಕೊಳ್ಳಬೇಕಾದ ರೇಷ್ಮೆಯನ್ನೆಲ್ಲ ಮನೆಗೆ ಕೊಟ್ಟ ಆ ಮರಿ ಬರಿಮೈಯಲ್ಲೇ ಕೋಶಾವಸ್ಥೆಗೆ ಹೋಗುತ್ತದೆ.

“ಅದೆಲ್ಲ ಸರಿ, ಹಿಟ್ಟು ತಿಗಣೆ ಸಾಕ್ತಾವಲ್ಲ, ಅದಕ್ಕೇನಂತೀರಿ?” ಗೌಡರ ಮಾತು ಸುಳ್ಳಲ್ಲ. ತಿಗಣೆ ಗಿಡದ ರಸ ಹೀರಿ ಹೊರಗೆ ಬಿಡುವ ಸಿಹಿ ದ್ರವ ಚಗಳಿಗೆ ಬಲು ಇಷ್ಟ. ಮೀಸೆಯಿಂದ ತಟ್ಟಿ ತಟ್ಟಿ ಬಿಡಿಸಿಕೊಳ್ಳುತ್ತವೆ, ಕದಿಯಲು ಬಂದವರನ್ನು ಓಡಿಸುತ್ತವೆ, ಥೇಟು ಹೈನುಗಾರಿಕೆ. ಮೇವಿನ ಖರ್ಚು ಮಾತ್ರ ಗಿಡದ್ದು. ಆದರೆ ಗೇರುತೋಟದವರನ್ನು ಕೇಳಿ. ಚಿಗುರು ಕರಟಿಸುವ ಟೀ ಸೊಳ್ಳೆಯನ್ನು ಹಿಡಿದು ಹರಿಯುವುದೂ ಇದೇ ಚಗಳಿ. ಚೀನಾದಲ್ಲಿ ಕಿತ್ತಳೆ ಬೆಳೆಗಾರರು ಕೀಟ ತಿನ್ನಲೆಂದು ಇವುಗಳ ಗೂಡನ್ನೇ ಚೀಲದಲ್ಲಿ ಕೊಂಡು ತಂದು ಮರಕ್ಕೆ ಕಟ್ಟುತ್ತಿದ್ದರೆಂಬ ದಾಖಲೆ ಕ್ರಿ.ಶ. 304ರದ್ದು. ಇದನ್ನು ಹೇಳಿದಾಗ ಗೌಡರು, “ಹಾಗಾದ್ರೆ ನಿಮ್ಮ ಕೊಟ್ಟೆಗೆ ಒಂದು ರೇಟು ಹೇಳಿ” ಎಂದರು. ಅವರ ಮನೆಯವರು ಒಳಗಿಂದಲೇ ವ್ಯಾಜ್ಯ ತೀರಿಸಿದರು: “ಕೊಟ್ಟೆ ಇಳಿಸಿ ಈಚೆ ಕೊಡಿ, ಚಟ್ನಿ ಅರೀತೀನಿ.”

ಇಷ್ಟು ಕಾವಲಿರುವ ಮನೆಗೂ ಕನ್ನ ಹಾಕುವವರಿದ್ದಾರೆ. ಲೈಫೈರಾ ಎಂಬ ಚಿಟ್ಟೆಯ ಹುಳು ಚಗಳಿ ಕೊಟ್ಟೆಯೊಳಗೇ ಕೂತು ಅವುಗಳ ಮರಿಗಳನ್ನೇ ತಿಂದು ಬೆಳೆಯುತ್ತದೆ. ಬೆನ್ನಿನ ಚಿಪ್ಪು ಎಷ್ಟು ಗಟ್ಟಿಯೆಂದರೆ ಇರುವೆಯ ಹಲ್ಲು ನಾಟುವುದಿಲ್ಲ. ಚಿಟ್ಟೆಯಾಗಿ ಹೊರಬೀಳುವಾಗ ಮೈತುಂಬ ಉದುರುವ ಹುಡಿ. ಹಿಡಿಯಲು ಬಂದ ಇರುವೆಯ ಬಾಯಿಗೆ, ಕಾಲಿಗೆ ಅದೇ ಮೆತ್ತಿಕೊಳ್ಳುತ್ತದೆ, ಚಿಟ್ಟೆ ಪಾರು. ಕೆಂಪು ಮರಕುಟಿಗನ ಎದೆಗಾರಿಕೆ ಇದಕ್ಕೂ ಮೇಲು. ಮರದ ಕವಲಿನಲ್ಲಿ ಬೇರೊಂದು ಜಾತಿಯ ಕಪ್ಪಿರುವೆಗಳು ಕಟ್ಟಿದ ಉಂಡೆಗೂಡನ್ನು ಕೊರೆದು ಅಲ್ಲೇ ಮೊಟ್ಟೆಯಿಡುತ್ತದೆ, ಆ ಇರುವೆಗಳನ್ನೇ ತಿನ್ನುತ್ತದೆ. ಬಾಡಿಗೆಯ ಮಾತು ದೂರ ಉಳಿಯಿತು, ಮನೆಯೊಡೆಯರೇ ಊಟಕ್ಕೆ!

ಇನ್ನು ನನ್ನ ತಕರಾರು ಗೌಡರ ಮಾವಿನ ಮರದ ಬದನಿಕೆಯದು. ಬೇರೆಯವರ ಟೊಂಗೆಗೆ ಬೇರಿಳಿಸಿ ನೀರು ಹೀರುವ ಗಿಡ. ಎಲೆ ಹಸಿರಿರುವುದರಿಂದ ಅಡುಗೆ ಮಾತ್ರ ಸ್ವಂತದ್ದು. ಅಲ್ಲಿಂದ ನಮ್ಮ ಸಪೋಟಕ್ಕೆ ಅದು ದಾಟಿದ್ದು ಹೇಗೆ ಅಂದರೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿರುವ ಬದನಿಕೆ ಹಕ್ಕಿಯ ಕೃಪೆ. ಐದಾರು ಗ್ರಾಂ ತೂಕದ ಈ ಪೋರ ಹಣ್ಣು ನುಂಗುತ್ತಾನೆ. ಬೀಜ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲದು. ಹೊರಗೆ ಬಂದರೂ ಅಂಟಿನಿಂದಾಗಿ ಬಾಲದ ಬುಡಕ್ಕೇ ಹಿಡಿದುಕೊಂಡಿರುತ್ತದೆ. ಹಕ್ಕಿ ಟೊಂಗೆಗೆ ಹಿಂಬದಿ ಉಜ್ಜಿ ಉಜ್ಜಿ ಅದನ್ನು ಬಿಡಿಸಿಕೊಳ್ಳುತ್ತದೆ. ಅಲ್ಲಿಗೆ ಬಿತ್ತನೆ ಮುಗಿಯಿತು. ಬಲಿತ ಮೊಗ್ಗು ಕೂಡ ಹಕ್ಕಿಯ ಕೊಕ್ಕು ಒತ್ತಿದರೇ ಪಟ್ಟನೆ ಸಿಡಿದು ಬಿರಿಯುತ್ತದೆ, ಪರಾಗ ಮುಖಕ್ಕೆ ಎರಚುತ್ತದೆ. ಸೂರಕ್ಕಿ, ಬದನಿಕೆ ಹಕ್ಕಿಗಳ ಈ ವ್ಯವಹಾರವನ್ನು ಕೊಂಕಣದಲ್ಲಿ ಕೂತು ನೋಡಿ ಸಲೀಂ ಅಲಿಯವರು 1931ರಲ್ಲೇ ಬರೆದಿದ್ದಾರೆ.

“ಅಂದ ಮೇಲೆ ಕಡಿದುಬಿಡೋಣ” ಎಂದು ಗೌಡರು ಕತ್ತಿಗೆ ಕೈ ಹಾಕಿದರು. ತಡೆಯಿರಿ ಎಂದೆ. ಆಸ್ಟ್ರೇಲಿಯಾದಲ್ಲಿ ಡೇವಿಡ್ ವಾಟ್ಸನ್ ಎಂಬ ವಿಜ್ಞಾನಿ ಹೀಗೇ ಕೆಲವು ಕಾಡಿನ ತುಂಡುಗಳಿಂದ ಅಲ್ಲಿನ ಬದನಿಕೆಯನ್ನು ಪೂರಾ ತೆಗೆಸಿ ನೋಡಿದರು. 2012ರಲ್ಲಿ ಫಲಿತಾಂಶ ಬಂತು. ಮೂರು ವರ್ಷದಲ್ಲಿ ಅಲ್ಲಿನ ಕಾಡುಹಕ್ಕಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜಾತಿಗಳು ಕಾಣೆಯಾಗಿದ್ದವು. ಅದರ ಹಣ್ಣನ್ನು ಮೂಸಿಯೂ ನೋಡದ, ನೆಲ ಕೆದಕಿ ಹುಳ ತಿನ್ನುವ ಹಕ್ಕಿಗಳೂ ಅದರಲ್ಲಿ ಸೇರಿದ್ದವು. ಬದನಿಕೆಯ ಎಲೆ ವರ್ಷವಿಡೀ ಉದುರುತ್ತದೆ, ಸಾರವೂ ಹೆಚ್ಚು. ಅದು ಕೊಳೆತರೆ ನೆಲದಲ್ಲಿ ಹುಳ ಹುಟ್ಟುತ್ತದೆ. ಮರದ ಮೇಲಿನ ಕಳ್ಳ ಕೆಳಗೆ ಅನ್ನಸಂತರ್ಪಣೆ ನಡೆಸುತ್ತಿದ್ದ ಎಂದಾಯಿತು. ನಮ್ಮಲ್ಲೂ ಜೆಜೆಬೆಲ್ ಎಂಬ ಹಳದಿ-ಕೆಂಪಿನ ಚಿಟ್ಟೆ ಮೊಟ್ಟೆಯಿಡುವುದು ಬದನಿಕೆ ಎಲೆಯ ಅಡಿಗೇ. ಹಾಗಂತ ನನ್ನ ಸಪೋಟ ಒಣಗಿದರೆ ಯಾವ ವಿಜ್ಞಾನಿಯೂ ಬಂದು ಹಣ್ಣು ತಂದುಕೊಡುವುದಿಲ್ಲ. ಸಪೋಟದ್ದನ್ನು ಕಡಿಯುವುದು, ಮಾವಿನದನ್ನು ಬಿಡುವುದು ಎಂದು ಠರಾವಾಯಿತು. ಗೌಡರಿಗೆ ಇದು ಪಕ್ಷಪಾತವಾಗಿ ಕಂಡಿತು. ಕಾಣಲಿ.

ಇನ್ನುಳಿದದ್ದು ಮುಸುವನ ಸರದಿ. ನಾಗರಹೊಳೆ, ಬಂಡೀಪುರದ ಕಡೆ ಮುಸುವ, ಜಿಂಕೆಗಳ ಸ್ನೇಹವನ್ನು ಎಲ್ಲರೂ ಹೊಗಳುತ್ತಾರೆ. ಮುಸುವನದು ಕಚ್ಚಿ ಎಸೆಯುವ ಊಟ. ಕೆಳಗೆ ಬಿದ್ದ ಚಿಗುರು, ಕಾಯಿ ಜಿಂಕೆಗೆ. ಮೇಲೆ ಕೂತವನ ಕಣ್ಣಿಗೆ ಹುಲಿ ಬಿದ್ದರೆ ಕೂಗು ಹಾಕುತ್ತಾನೆ, ಜಿಂಕೆ ಕಿವಿ ನಿಮಿರಿಸುತ್ತದೆ. ಪೊದೆಯ ಮರೆಯಲ್ಲಿರುವುದನ್ನು ಜಿಂಕೆಯ ಮೂಗು ಹಿಡಿದು ಕೂಗಿದರೆ, ನೆಲಕ್ಕಿಳಿದ ಮುಸುವ ಮರ ಹತ್ತುತ್ತಾನೆ. ಸಫಾರಿ ಜೀಪಿನವರು ಹುಲಿ ಹುಡುಕುವುದೂ ಈ ಕೂಗುಗಳ ಬೆನ್ನು ಹಿಡಿದೇ. ಲೆಕ್ಕ ಮಾಡಿದರೆ ಜಿಂಕೆಗೇ ಲಾಭ ಹೆಚ್ಚು ಅಂತ ನನಗನ್ನಿಸುತ್ತದೆ. ಮುಸುವನೇನೂ ದಾನ ಮಾಡುವ ಉದ್ದೇಶದಿಂದ ಬೀಳಿಸುವುದಿಲ್ಲ, ತಿನ್ನಲು ಬಾರದೆ ಬೀಳಿಸುತ್ತಾನೆ.

“ಕಾಡಿನ ಮುಸುವ ಒಳ್ಳೆಯದೇ ಇರಬಹುದು, ನಮ್ಮೂರಿಂದು ದರಿದ್ರ” ಎಂದರು ಗೌಡರು. ಅದನ್ನು ಹೇಳಬೇಕಾದವನು ನಾನು. ನಮ್ಮ ಹಲಸಿನ ಮರದಲ್ಲಿ ಕೂತು ಅವು ಮುರಿದು ಎಸೆದ ಸೊಪ್ಪೆಲ್ಲ ಬೀಳುವುದು ಬೇಲಿಯಾಚೆ. ಅದನ್ನು ತಿನ್ನಲೆಂದೇ ಗೌಡರ ದನ ದಿನವೂ ಅಲ್ಲಿ ಬಂದು ನಿಲ್ಲುತ್ತದೆ. ಅದರ ಹಾಲನ್ನು ನಾವು ದುಡ್ಡು ಕೊಟ್ಟು ಕೊಳ್ಳುತ್ತೇವೆ, ಹೋದ ತಿಂಗಳಿಂದ ಲೀಟರಿಗೆ ಎರಡು ರೂಪಾಯಿ ಜಾಸ್ತಿ. ಕೇಳಿದರೆ ಮೇವಿನ ರೇಟು ಏರಿದೆಯಂತೆ.