ವಿಆರ್ ಸಾಧನೆಯ ಮೇಲೆ ಮಿರ್ಚಿ ಮೊದಲಾದವುಗಳ ಪ್ರಭಾವ: ಬ್ರೂಸ್‌ಪೇಟೆಯ ಒಂದು ಅಧ್ಯಯನ

ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು ಇಲ್ಲದ ಲೋಕದಲ್ಲಿ ಓಡಾಡುವಾಗ ಕೆಲವರು ಶೂರರಾಗುವುದೇಕೆ, ಕೆಲವರು ಸೋಫಾದ ಮೇಲೆ ಬೀಳುವುದೇಕೆ ಎಂಬುದೇ ಇಲ್ಲಿನ ಜಿಜ್ಞಾಸೆ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ತಮ್ಮ ತಲೆಪೆಟ್ಟಿಗೆಯನ್ನು ಚಾವಣಿಯಿಂದ ಇಳಿಬಿಟ್ಟಿದ್ದರು. ಬಳ್ಳಾರಿಯ ಬ್ರೂಸ್‌ಪೇಟೆಯ ಮನೆಗಳಲ್ಲಿ ಆ ಜಾಗದಲ್ಲಿ ಫ್ಯಾನು ಇದ್ದುದರಿಂದ ಸಂಶೋಧನೆ ಇಲ್ಲಿ ತಡವಾಗಿ ಶುರುವಾಯಿತು.

ಪೂರ್ವಪಕ್ಷ ಹೀಗಿದೆ: ತಲೆ ತಿರುಗಿಸಿದ ಸುಮಾರು 20 ಮಿಲಿಸೆಕೆಂಡಿನೊಳಗೆ ಚಿತ್ರವೂ ತಿರುಗಬೇಕು. ಮಸೂರಗಳ ಅಂತರ ಕಣ್ಣುಪಾಪೆಗಳ ಅಂತರಕ್ಕೆ, ಅಂದರೆ ದೊಡ್ಡವರಲ್ಲಿ ಸರಾಸರಿ 63 ಮಿ.ಮೀ. ಆಸುಪಾಸಿಗೆ, ಹೊಂದಬೇಕು. ಕಣ್ಣು ‘ಓಡುತ್ತಿದ್ದೇವೆ’ ಎನ್ನುವಾಗ ಒಳಗಿವಿ ‘ನಿಂತಲ್ಲೇ ಇದ್ದೇವೆ’ ಎಂದರೆ, ಆ ವ್ಯಾಜ್ಯದ ತೀರ್ಪು ಹೊಟ್ಟೆಯಲ್ಲಾಗುತ್ತದೆ. ಎಲ್ಲವೂ ಸರಿಯೇ. ಆದರೆ ಈ ಪಂಡಿತರಾರೂ ಮಿರ್ಚಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಗಿಸಿದ ಬೆರಳಿಗೆ ಕಂಟ್ರೋಲರಿನ ಗುಂಡಿ ನಿಲ್ಲುವುದಿಲ್ಲ. ಅದೇ ಬೆರಳಲ್ಲಿ ಮಸೂರ ಒರೆಸಿದರೆ ಶತ್ರುಪಡೆಯೆಲ್ಲ ಎಣ್ಣೆಯಲ್ಲಿ ತೇಲುತ್ತದೆ. ಮೇ ತಿಂಗಳ ಬೆವರು ಬೇರೆ. ಅಷ್ಟರಲ್ಲಿ ಕರೆಂಟು ಹೋಗಿ ವೈಫೈ ಸಾಯುತ್ತದೆ. ಪಕ್ಕದ ಕುಡತಿನಿಯಲ್ಲೇ ಕರೆಂಟು ತಯಾರಾಗುತ್ತದೆಂಬುದು ಆಗ ಬರೀ ತಾತ್ವಿಕ ಸಮಾಧಾನ.

ಎಲ್ಲಕ್ಕಿಂತ ಪ್ರಬಲವಾದುದು ಸಲಹಾ ಮಂಡಳಿ. ಆಟ ಟಿವಿಯಲ್ಲೂ ಕಾಣುವುದರಿಂದ ಬಂಧುಬಳಗ ಕನ್ನಡ, ತೆಲುಗು, ಉರ್ದುವಿನಲ್ಲಿ ಏಕಕಾಲಕ್ಕೆ ದಾರಿ ತೋರುತ್ತದೆ. ಮಾವನಂತೂ “ಲೇ, ಹಿಂದ ಬಂದಾನ ನೋಡಲೇ!” ಎಂದು ಎದ್ದೇ ನಿಲ್ಲುತ್ತಾನೆ. ನೋಡುವವರಿದ್ದರೆ ಪಳಗಿದವನ ಆಟ ಸುಧಾರಿಸುತ್ತದೆ, ಹೊಸಬನದು ಕೆಡುತ್ತದೆ ಎಂದು 1965ರಲ್ಲೇ ಮನೋವಿಜ್ಞಾನಿ ರಾಬರ್ಟ್ ಜಾಯಾನ್ಸ್ ವಾದಿಸಿದ್ದರು. ಮೊದಲ ಪಂಗಡಕ್ಕೆ ನಮ್ಮೂರ ಉದಾಹರಣೆ ನಟ ಬಳ್ಳಾರಿ ರಾಘವ (1880–1946). ಎರಡನೆಯದಕ್ಕೆ ಉದಾಹರಣೆಗಳು ವಿಪುಲ. ಅವರ ಮನೆಯ ಟಿವಿಗಳನ್ನು ನೋಡಿದರೆ ಸಾಕು.

“ಬೀಳ್ತೀಯಪ್ಪಾ, ಕೂತ್ಕಂಡು ಆಡು” ಎಂಬ ಅಜ್ಜಿಯ ಮಾತನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೂತು ಆಡಿದರೆ ತಲೆಸುತ್ತು ಕಡಿಮೆ ಎಂದು ಕೆಲವು ಪ್ರಯೋಗಾಲಯಗಳೂ ಕಂಡುಕೊಂಡಿವೆ. ಕೊನೆಗೆ ಅಜ್ಜಿಗೇ ಪೆಟ್ಟಿಗೆ ಕಟ್ಟಲಾಯಿತು. ಎದುರಿಗೆ ಗಗನಚುಂಬಿ ಕಟ್ಟಡ, ಅಂಚಿನಿಂದ ಹೊರಚಾಚಿದ ಒಂದು ಹಲಗೆ. ಅದರ ಮೇಲೆ ನಡೆಯಬೇಕು. “ನಂಗೇನು ಕೆಲ್ಸ ಐತಪ್ಪಾ ಅಲ್ಲಿ?” ಎಂದು ಅಜ್ಜಿ ಕುರ್ಚಿಯಲ್ಲೇ ಉಳಿದರು. ಅಂಕ ಸೊನ್ನೆ, ತಲೆಸುತ್ತು ಸೊನ್ನೆ, ಟಿವಿ ಕ್ಷೇಮ. ಈ ದತ್ತಾಂಶವನ್ನು ಪ್ರಬಂಧದಿಂದ ಕೈಬಿಡಬೇಕೆಂದು ಮೊಮ್ಮಗ ಪಟ್ಟು ಹಿಡಿದಿದ್ದಾನೆ.