ಹೊಳೆಯುವ ಕಾರು, ಕರೆಯುವ ಆಟೋ

ಬೆಂಗಳೂರಿನ ಕುಕ್ ಟೌನ್‌ನಲ್ಲಿ ನೆರಳಿಗೇನೂ ಬರವಿಲ್ಲ. ಮರದಡಿ ಕಾರು ನಿಲ್ಲಿಸಿದರೆ ಸೀಟು ತಂಪು, ಬಾನೆಟ್ ಮೇಲೆ ಮಾತ್ರ ಕಾಗೆ-ಪಾರಿವಾಳಗಳ ಸಹಿ! ಬಿಸಿಲಿಗೆ ಒಣಗಿದರೆ ಅದು ಬಣ್ಣಕ್ಕೇ ಕಚ್ಚಿಕೊಳ್ಳುತ್ತದೆ. ನೆನೆಸಿ ತೆಗೆಯದೆ ಹಳೇ ಬನಿಯನ್ ಹಿಡಿದು ಗಸಗಸ ಉಜ್ಜಿದರೆ ಜೇಡರ ಬಲೆಯಂಥ ಗೀರುಗಳು.

ಆಗಲೇ ಮನೆ ಯಜಮಾನರಿಗೆ ಪಾಲಿಶ್ ಮೆಷಿನ್ ಕೊಳ್ಳುವ ಯೋಗ ಬರುವುದು. ಜನ್ಮದಲ್ಲಿ ಕಾಫಿ ಲೋಟ ತೊಳೆಯದವರು, "ಎರಡು ಬಕೆಟ್ ಬೇಕು ಕಣೇ, ಒಂದು ಶಾಂಪೂಗೆ, ಒಂದು ಬಟ್ಟೆ ಜಾಲಾಡಿಸೋಕೆ" ಎಂದು ಉಪನ್ಯಾಸ ಶುರು ಮಾಡುತ್ತಾರೆ. ತೊಳೆದಾದ ಮೇಲೆ ಅಂಟಿಕೊಂಡ ಕೊಳೆ ಎತ್ತಲು ಕ್ಲೇ ಬಾರ್. ಆಮೇಲೆ ಪಾಲಿಶ್.

ಇಲ್ಲೇ ಹುಷಾರಾಗಿರಬೇಕು. ಪಾಲಿಶ್ ಬಣ್ಣಕ್ಕೆ ಏನನ್ನೂ ಸೇರಿಸುವುದಿಲ್ಲ, ಮೇಲ್ಪದರವನ್ನು ಕೊಂಚ ಸವೆಸುತ್ತದೆ. ಕ್ಲಿಯರ್ ಕೋಟ್ ಎನ್ನುವ ಆ ಪದರ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ ಅಷ್ಟೇ. ಮೃದು ಪ್ಯಾಡ್, ನಯವಾದ ಪಾಲಿಶ್, ಕಡಿಮೆ ವೇಗದಿಂದ ಶುರು ಮಾಡಿ. ಅಂಚುಗಳಿಗೆ ಟೇಪ್ ಅಂಟಿಸಿ.

ಕೊನೆಗೆ ಹೊಳಪು ಕಾಯುವ ಸೀಲಂಟ್. ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದರೆ ಕೆಲವು ತಿಂಗಳು ತಡೆಯುತ್ತದೆ. ಬ್ರೆಜಿಲ್‌ನ ತಾಳೆಗರಿಯಿಂದ ಬರುವ ಕಾರ್ನೌಬಾ ಮೇಣಕ್ಕೆ ಹೊಳಪು ಜಾಸ್ತಿ, ಆಯಸ್ಸು ಕಮ್ಮಿ.

ಕಾರು ಥಳಥಳ ಹೊಳೆಯುತ್ತದೆ. "ರೀ, ರಸೆಲ್ ಮಾರ್ಕೆಟ್‌ಗೆ ಹೋಗಿ ತರಕಾರಿ ತರೋಣ ನಡೀರಿ" ಎನ್ನುತ್ತಾರೆ ಮನೆಯಾಕೆ.

ಯಜಮಾನರು ಗಾಬರಿಯಿಂದ, "ಆ ಧೂಳಿಗಾ? ಇರು, ಆಟೋ ಕರೀತೀನಿ!"