ಚಾ, ಬಿಸ್ಕತ್ತು ಮತ್ತು ಜನಬೆಂಬಲ

ಅಧಿಕಾರಿ: ಅಜ್ಜಾ, ಕೈಗಾ ಅಣುಸ್ಥಾವರದಲ್ಲಿ ಈಗ 220 ಮೆಗಾವ್ಯಾಟ್‌ನ ನಾಲ್ಕು ಘಟಕ ಉಂಟು. ಇನ್ನು 700ರದ್ದು ಎರಡು ಬರ್ತವೆ. ಹೆದರ್ಬೇಡಿ.

ಅಜ್ಜ: ಹೆದರಿಕೆ ಎಂತದು ಸಾಹೇಬ್ರೇ? ಒಂದನೇ ಘಟಕ 962 ದಿನ ನಿಲ್ಲದೇ ಓಡಿ 2018ರಲ್ಲಿ ವಿಶ್ವದಾಖಲೆ ಮಾಡ್ತಲ್ಲ!

ಅಧಿಕಾರಿ: ಭೇಷ್! ಹೇಗೆ ಗೊತ್ತಾಯ್ತು?

ಅಜ್ಜ: ಪೇಪರಲ್ಲಿ ಓದ್ದೆ, ಚಿಮಣಿ ಬೆಳಕಲ್ಲಿ. ಮಳೆ ಹನಿ ಬಿದ್ರೆ ನಮ್ಮೂರಲ್ಲಿ ಕರೆಂಟಿಲ್ಲ.

ಅಧಿಕಾರಿ: ಅದು ತಂತಿಯವರ ಇಲಾಖೆ.

ಅಜ್ಜ: ಉರಿಸಿ ಮುಗಿದ ಇಂಧನ ಎಲ್ಲಿಡ್ತೀರಿ?

ಅಧಿಕಾರಿ: ಅದು ಇವತ್ತಿನ ಕಾರ್ಯಸೂಚಿಯಲ್ಲಿಲ್ಲ. ಚಾ ತಗೊಳ್ಳಿ.

ಅಜ್ಜ: ಕಾಳಿ ನದಿ ಬಿಸಿಯಾದ್ರೆ ಮೀನು?

ಅಧಿಕಾರಿ: ಬಿಸ್ಕತ್ತೂ ಉಂಟು.

ಸಂಜೆಯ ವರದಿ: ‘ಗ್ರಾಮಸ್ಥರು ಚಾ ಕುಡಿದು ಯೋಜನೆಯನ್ನು ಸರ್ವಾನುಮತದಿಂದ ಬೆಂಬಲಿಸಿದರು.’

ಅಣುಶಕ್ತಿ ಬೇಕೋ ಬೇಡವೋ, ಆಮೇಲಿನ ಮಾತು. ಬೆಂಬಲ ಕೇಳಲು ಬರುವವರು ಫ್ಲಾಸ್ಕಿನ ಜೊತೆ ಉತ್ತರವನ್ನೂ ತರಲಿ.